ಒಂದು ತಾಸಿನ ದೂರ

ಬೆಂಗಳೂರಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 370 ಕಿಲೋಮೀಟರ್. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿರುತ್ತೆ. ರನ್‌ವೇವರೆಗೆ ತೆವಳುವ ಹೊತ್ತೂ ಅದರಲ್ಲೇ ಸೇರಿರೋದ್ರಿಂದ ಹಾರಾಟ ಇನ್ನೂ ಕಡಿಮೆ. (ದೇವನಹಳ್ಳಿ ಮುಟ್ಟೋಕೇ ನನಗೆ ಎರಡು ಗಂಟೆ ಬೇಕು, ಆ ಮಾತು ಬಿಡಿ.)

ಹೊಸದಾಗಿ ಕೆಲಸಕ್ಕೆ ಸೇರಿದಾಗ ತಿಂಗಳಿಗೊಮ್ಮೆ ರಾತ್ರಿಯಿಡೀ ಬಸ್ಸಲ್ಲಿ ಕೂತು ಕುಂದಗೋಳದ ಹತ್ತಿರದ ನಮ್ಮೂರಿಗೆ ಹೋಗ್ತಿದ್ದೆ. ಈಗ ವರ್ಷಕ್ಕೆರಡು ಸಲ. ಬೇಕೆಂದಾಗ ಹೋಗಬಹುದು ಅನ್ನೋ ಧೈರ್ಯವೇ ಹೋಗದಿರೋಕೆ ನೆಪವಾಯ್ತಾ? ದೂರ ಇದ್ದಾಗ ಹೊರಡೋ ದಿನ ಗೊತ್ತುಮಾಡಲೇಬೇಕಿತ್ತು. ಹತ್ತಿರವಾದ ಮೇಲೆ, ಮುಂದಿನ ವಾರ ನೋಡಿದ್ರಾಯ್ತು.

ಮೊನ್ನೆ ಫೋನಲ್ಲಿ ಅವ್ವ ಕೇಳಿದಳು: "ಮದ್ಲ ದೂರ ಇತ್ತು, ಬರ್ತಿದ್ದಿ. ಈಗೇನಾತಪಾ?"

ಮೀಟಿಂಗ್ ಇದೆ ಅಂದೆ. ಇರಲಿಲ್ಲ.