ಏಳನೆಯ ಹೆಜ್ಜೆ

ಸಪ್ತಪದಿಯಲ್ಲಿ ಏಳನೆಯ ಹೆಜ್ಜೆ ಇಡುವುದು ಸಖ್ಯಕ್ಕಾಗಿ. ಸಖ್ಯವೆಂದರೆ ಇಬ್ಬರಿಗೂ ಒಂದೇ ಹುಚ್ಚು ಹಿಡಿಯಬೇಕೆಂದೇನಲ್ಲ. ಮೂಡಿಗೆರೆಯ ತಮ್ಮ ಮನೆ 'ನಿರುತ್ತರ'ದಲ್ಲಿ ಲೇಖಕ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳ, ಕ್ಯಾಮೆರಾ, ಹಕ್ಕಿ, ಕಂಪ್ಯೂಟರು ಎಲ್ಲದರ ಗೀಳಿತ್ತು; 2007ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ರಾಜೇಶ್ವರಿಯವರು 'ನನ್ನ ತೇಜಸ್ವಿ' ಬರೆದರು. ಅಂಥ ಪುಸ್ತಕಕ್ಕೆ ಗಾಳ ಹಿಡಿದಿರಲೇಬೇಕೆಂದಿಲ್ಲ, ಗಾಳ ಹಿಡಿದವರನ್ನು ವರ್ಷಗಟ್ಟಲೆ ಗಮನಿಸಿರಬೇಕು.

ಕಳಸದ ಕಡೆಯ ಒಂದು ಮನೆಯಲ್ಲೂ ಅಷ್ಟೇ: ಆಷಾಢದ ಮಳೆಗೆ ಕರೆಂಟು ಹೋದ ಸಂಜೆ ಗಂಡ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾನೆ, ಟವರು ಸಿಕ್ಕರೆ. ಹೆಂಡತಿಗೆ ಆ ಗುಂಡಿನ ಸದ್ದೇ ತಲೆನೋವು. ಆದರೂ ಅವಳು ಆಟದ ಬಗ್ಗೆ ಕೇಳಬೇಕೆಂದರೆ, ಇಲ್ಲದ ಆಸಕ್ತಿ ನಟಿಸುವುದು ಸುಳ್ಳಲ್ಲವೇ ಎನ್ನಬಹುದು. ಸುಳ್ಳೇ. ಆದರೆ 'ಈ ಸಲ ಹೇಗೆ ಸತ್ರಿ?' ಎಂದು ಕೇಳಿ ಉತ್ತರಕ್ಕೆ ಕಿವಿಗೊಡುವುದು ನಟನೆಯಲ್ಲ. ಅವನೂ ಅವಳ ಆಂತೂರಿಯಂ ಕುಂಡಗಳಲ್ಲಿ ಯಾವುದಕ್ಕೆ ಬಸವನಹುಳು ಹತ್ತಿದೆಯೆಂದು ಬಗ್ಗಿ ನೋಡಬೇಕು, ಬ್ಯಾಟರಿ ಹಿಡಿದು, ಮಳೆ ಹೊಳವಾದ ಹೊತ್ತಿನಲ್ಲಿ.