ಮತ್ತೊಂದು ವರ್ಷ ಯಾರದು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗಳು ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಎರಡು ಪುಟಗಳ ತುಂಬ ವೈದ್ಯಕೀಯ ಕಾಲೇಜುಗಳ ಹೆಸರು. ಹುಬ್ಬಳ್ಳಿ, ಬೆಳಗಾವಿ, ಗದಗ, ಹಾವೇರಿ, ಕೊಪ್ಪಳ, ರಾಯಚೂರು, ಹೀಗೆ ಕೆಳಗಿಳಿದು ಕಾರವಾರದವರೆಗೆ. ಪ್ರತಿ ಹೆಸರಿನ ಎದುರು ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬ ಅಂಕಿ. ಅಂಚಿನಲ್ಲಿ ಕೆಂಪು ಪೆನ್ನಿನಿಂದ ಚಿಕ್ಕ ಚಿಕ್ಕ ಟಿಪ್ಪಣಿ: ‘ಸಿಗಬಹುದು’, ‘ಕಷ್ಟ’, ‘ರೊಕ್ಕ ಬೇಕು’.

‘ಅಕ್ಕಾ, ಬರೋ ವರ್ಷಕ್ಕ ಯಾವ ಯಾವ ಕಾಲೇಜ ಹಾಕ್ಲಿ? ನೀ ಹೇಳಿದ್ರ ಅಪ್ಪ ಕೇಳ್ತಾನ,’ ಎಂದಳು.

ಆ ವರ್ಷ ಅವಳಿಗೆ ಎಂಬಿಬಿಎಸ್ ಸೀಟು ಸಿಕ್ಕಿರಲಿಲ್ಲ. ಸರ್ಕಾರಿ ಕಾಲೇಜುಗಳನ್ನಷ್ಟೇ ಪಟ್ಟಿಯಲ್ಲಿ ಹಾಕಿದ್ದಳು, ರ‍್ಯಾಂಕು ಅಲ್ಲಿಗೆ ಮುಟ್ಟಲಿಲ್ಲ. ಆಯುರ್ವೇದದ ಸೀಟೊಂದು ಬಂದಿತ್ತು. ‘ಡಾಕ್ಟರ್ ಅಂದ್ರ ಎಂಬಿಬಿಎಸ್’ ಎಂದು ಮನೆಯವರು ಅದನ್ನು ಬಿಡಿಸಿದ್ದರು. ಈಗ ಮತ್ತೊಮ್ಮೆ ನೀಟ್ ಬರೆಯುವುದು ನಿಶ್ಚಯವಾಗಿತ್ತು. ಈ ಸಲ ಖಾಸಗಿ ಕಾಲೇಜುಗಳನ್ನೂ ಸೇರಿಸೋಣ, ಹಾಗೇನಾದರೂ ಬಂದರೆ ನಿಂಬೆ ತೋಟದಲ್ಲಿ ಎರಡು ಎಕರೆ ಮಾರೋಣ ಎಂಬುದು ಕಾಕಾನ ಯೋಚನೆ. ನಾನು ಸಂಶೋಧನಾ ವಿದ್ಯಾರ್ಥಿ, ತತ್ವಶಾಸ್ತ್ರ ನನ್ನ ವಿಷಯ. ಅವಳು ಕೇಳಿದ್ದು ಕಾಲೇಜುಗಳ ಹೆಸರನ್ನು, ನನ್ನ ಶಾಸ್ತ್ರಕ್ಕೂ ಅದಕ್ಕೂ ಸಂಬಂಧವಿಲ್ಲ ಅನ್ನಿಸಿತು. ಆದರೆ ರಾತ್ರಿ ಆ ಎರಡು ಪುಟ ಮತ್ತೆ ಮತ್ತೆ ಓದುತ್ತ ಹೋದಂತೆ, ಇದಕ್ಕಿಂತ ಕಠಿಣವಾದ ನೈತಿಕ ಪ್ರಶ್ನೆ ನನ್ನ ಕೈಗೆ ಬಂದೇ ಇಲ್ಲ ಅನ್ನಿಸತೊಡಗಿತು.

ಅಮೆರಿಕದಲ್ಲಿ ವೈದ್ಯಕೀಯ ಶಾಲೆಗೆ ಎರಡನೇ ಸಲ ಅರ್ಜಿ ಹಾಕುವವರು ಕಾಲೇಜುಗಳಿಗೆ ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಯಾವ ಕಾಲೇಜು ತನ್ನನ್ನು ಏಕೆ ಬಿಟ್ಟಿತು, ಈ ಸಲ ಯಾರ ಬಾಗಿಲು ತಟ್ಟಬೇಕು ಎಂಬುದು ಅವರ ಚಿಂತೆ. ನಮ್ಮಲ್ಲಿ ಯಾವ ಕಾಲೇಜೂ ಯಾರನ್ನೂ ಬಿಡುವುದಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ 720 ಅಂಕದ ಪರೀಕ್ಷೆ, ಅದರ ಮೇಲೊಂದು ರ‍್ಯಾಂಕು, ಆಮೇಲೆ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ‘ಆಪ್ಷನ್ ಎಂಟ್ರಿ’. ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸಿಟ್ಟರೆ, ನಿಮ್ಮ ಸರದಿ ಬಂದಾಗ ಉಳಿದಿರುವವುಗಳಲ್ಲಿ ನಿಮ್ಮ ಪಟ್ಟಿಯ ಮೇಲಿನದು ನಿಮಗೆ. ಈ ಪದ್ಧತಿಯಲ್ಲಿ ಸುಳ್ಳು ಹೇಳಿ ಲಾಭವಿಲ್ಲ. ಸಿಗಲಾರದೆಂದು ಹೆದರಿ ಇಷ್ಟದ ಕಾಲೇಜನ್ನು ಕೆಳಗಿಳಿಸಬೇಕಾಗಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಇದ್ದಂತೆ ಬರೆಯುವುದೇ ಜಾಣತನ.

ಆದರೆ ಮನಸ್ಸಿನಲ್ಲಿ ಏನಿದೆ? ಮತ್ತು ಅದು ಯಾರ ಮನಸ್ಸು?

ಅಂಕಿಗಳನ್ನು ಮೊದಲು ನೋಡಿಬಿಡೋಣ. 2024ರಲ್ಲಿ ದೇಶದಾದ್ಯಂತ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಎಂಬಿಬಿಎಸ್ ಸೀಟುಗಳಿದ್ದದ್ದು ಸುಮಾರು 1.1 ಲಕ್ಷ, ಅವುಗಳಲ್ಲಿ ಸರ್ಕಾರಿ ಸೀಟು ಹೆಚ್ಚುಕಡಿಮೆ ಅರ್ಧ. ಎಷ್ಟು ಸಲ ಬೇಕಾದರೂ ಬರೆಯಬಹುದು, ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಹಾಗಾಗಿ ಮತ್ತೊಮ್ಮೆ ಬರೆಯುವುದು ಈಗ ಅಪವಾದವಾಗಿ ಉಳಿದಿಲ್ಲ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ರಾಜ್ಯದಲ್ಲಿ ಎಂಬಿಬಿಎಸ್ ಸೇರಿದವರ ಪೈಕಿ ಮರುಪ್ರಯತ್ನದವರ ಪಾಲು 2016–17ರಲ್ಲಿ ನೂರಕ್ಕೆ ಹದಿಮೂರನ್ನೂ ಮುಟ್ಟಿರಲಿಲ್ಲ, 2020–21ರಲ್ಲಿ ಎಪ್ಪತ್ತು ದಾಟಿತ್ತು. ಅಂದರೆ ಸೀಟಿನ ಬೆಲೆಯಲ್ಲಿ ಈಗ ಒಂದು ವರ್ಷವೂ ಸೇರಿದೆ. ಆ ವರ್ಷವನ್ನು ಕೊಡಬಲ್ಲ ಮನೆಗಳಿವೆ, ಕೊಡಲಾಗದ ಮನೆಗಳೂ ಇವೆ.

ಇನ್ನು ನಮ್ಮ ನೆಲದ ಮಾತು. ವಿಜಯಪುರ ಜಿಲ್ಲೆಯಲ್ಲಿ ಹಳೆಯ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಸರ್ಕಾರಿ ಕಾಲೇಜು ಬೇಕು, ಖಾಸಗಿ ಸಹಭಾಗಿತ್ವದ್ದು ಬೇಡ ಎಂದು 2025ರಲ್ಲಿ ಜನ ಧರಣಿ ಕೂತಿದ್ದರು. ಇಂಡಿಯಿಂದ ಭೀಮಾ ಹೊಳೆಯ ಕಡೆಗೆ ಹೋದರೆ ಆಚೆ ದಂಡೆಯಲ್ಲಿ ಅಫಜಲಪುರ ತಾಲ್ಲೂಕು. ಅದು ನಿಜಾಮನ ಸೀಮೆಯಲ್ಲಿತ್ತು, ನಮ್ಮದು ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ 371(ಜೆ) ವಿಧಿಯ ಮೀಸಲಾತಿ ಅಲ್ಲಿಯವರಿಗುಂಟು, ನಮಗಿಲ್ಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70, ಉಳಿದೆಡೆ ನೂರಕ್ಕೆ 8 ಸೀಟು ಅವರಿಗೆ. ಅವರ ಸೀಮೆಯ ಹಿಂದುಳಿಕೆ ಸುಳ್ಳಲ್ಲ, ಆ ಹಕ್ಕು ಪುಕ್ಕಟೆಯಾಗಿ ಬಂದದ್ದೂ ಅಲ್ಲ. ಆದರೆ ಅದೇ ಬಿಸಿಲು, ಅದೇ ತೊಗರಿ, ಅದೇ ಅಂಕ ಇರುವ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕಾಲೇಜಿಗೆ ಹೋಗುತ್ತಾಳೆ, ಇನ್ನೊಬ್ಬಳು ಮತ್ತೊಮ್ಮೆ ಬರೆಯುತ್ತಾಳೆ. ನೋಟ್‌ಬುಕ್ಕಿನಲ್ಲಿ ಕೊಪ್ಪಳ, ರಾಯಚೂರುಗಳ ಎದುರು ‘ಕಷ್ಟ’ ಎಂದಿದ್ದುದು ಇದಕ್ಕೇ. ಮತ್ತೊಂದು ಕಡೆ ಸೊಲ್ಲಾಪುರ. ನಮ್ಮ ಕಡೆಯ ರೋಗಿಗಳು ದೊಡ್ಡ ಕಾಯಿಲೆಗೆ ಅಲ್ಲಿಗೆ ಹೋಗುತ್ತಾರೆ, ಆದರೆ ಅಲ್ಲಿಯ ಸರ್ಕಾರಿ ಕಾಲೇಜಿನ ರಾಜ್ಯ ಕೋಟಾದ ಸೀಟು ಮಹಾರಾಷ್ಟ್ರದವರಿಗೆ.

ಇಷ್ಟು ಅದೃಷ್ಟ ಸೇರಿಕೊಂಡಿರುವ ಕಡೆ ಸೋತವರಿಗೆ ನಾವು ‘ಇನ್ನೊಂಚೂರು ಓದಬೇಕಿತ್ತು’ ಎನ್ನುತ್ತೇವೆ. ನೆದರ್‌ಲ್ಯಾಂಡ್ಸ್‌ನಲ್ಲಿ 1970ರ ದಶಕದಿಂದ 2017ರವರೆಗೆ ವೈದ್ಯಕೀಯ ಸೀಟುಗಳನ್ನು ಲಾಟರಿ ಎತ್ತಿ ಹಂಚುತ್ತಿದ್ದರು, ಶಾಲೆಯ ಅಂಕ ಹೆಚ್ಚಿದ್ದಷ್ಟೂ ಚೀಟಿ ಬರುವ ಸಂಭವ ಹೆಚ್ಚು. ಅದರಲ್ಲಿಯೂ ಅನ್ಯಾಯವಿತ್ತು, ಗೊಣಗಾಟವಿತ್ತು. ಆದರೆ ಚೀಟಿ ಬಾರದ ಹುಡುಗನನ್ನು ಯಾರೂ ಸೋಮಾರಿ ಎನ್ನುವಂತಿರಲಿಲ್ಲ. ನಮ್ಮ ಪದ್ಧತಿ ಅದೃಷ್ಟವನ್ನು ಅಂಕದೊಳಗೆ ಮುಚ್ಚಿಡುತ್ತದೆ. ಹಾಗಾಗಿಯೇ ಮತ್ತೊಂದು ವರ್ಷ ಕೊಡುವುದು ಒಂದು ಕರ್ತವ್ಯದ ಹಾಗೆ ಕಾಣುತ್ತದೆ.

ಈ ಕರ್ತವ್ಯದ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಏನು ನಡೆಯಿತೆಂದು ಹೇಳದೆ ನಾನು ಮುಂದೆ ಹೋಗುವಂತಿಲ್ಲ.

ನಾನು 2013ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ತಾಲ್ಲೂಕಿನಲ್ಲಿ ಹೆಸರು ಹೇಳುವಷ್ಟು ಅಂಕ ಬಂದಿತ್ತು. ಧಾರವಾಡದಲ್ಲಿ ವಿಜ್ಞಾನ ಓದಬೇಕೆಂಬ ಆಸೆಯಿತ್ತು. ಅದೇ ವರ್ಷ ಅಣ್ಣನ ಪಿಯುಸಿ ಮುಗಿದಿತ್ತು, ಸಿಇಟಿಯಲ್ಲಿ ಮೆಡಿಕಲ್ ಸೀಟು ಬಂದಿರಲಿಲ್ಲ. ಅಪ್ಪ ಅವನನ್ನು ಲಾಂಗ್ ಟರ್ಮ್ ಕೋಚಿಂಗಿಗೆ ಹಾಕಿದ. ಮರುವರ್ಷವೂ ಬರಲಿಲ್ಲ, ಮತ್ತೊಂದು ವರ್ಷ ಹಾಕಿದ. ಇಬ್ಬರನ್ನೂ ಹೊರಗಿಟ್ಟು ಓದಿಸುವಷ್ಟು ತೋಟದಲ್ಲಿ ಬೆಳೆಯುತ್ತಿರಲಿಲ್ಲ. ನಿಂಬೆಗೆ ಬೇಸಿಗೆಯಲ್ಲಿ ಬೆಲೆ, ಮಳೆಗಾಲದಲ್ಲಿ ಕೇಳುವವರಿಲ್ಲ. ನಾನು ಇಂಡಿಯಲ್ಲೇ ಆರ್ಟ್ಸ್ ಸೇರಿದೆ, ದಿನಾ ಬಸ್ಸಿನಲ್ಲಿ ಓಡಾಡಿದೆ. ಅಣ್ಣ ಕಡೆಗೆ ಡಿ.ಫಾರ್ಮಾ ಮಾಡಿ ಮೆಡಿಕಲ್ ಅಂಗಡಿ ಇಟ್ಟ.

ನನಗೆ ಇದರಿಂದ ಕೆಟ್ಟದ್ದೇನೂ ಆಗಲಿಲ್ಲ. ಆರ್ಟ್ಸ್ ಸೇರಿದ್ದರಿಂದಲೇ ತತ್ವಶಾಸ್ತ್ರ ಸಿಕ್ಕಿತು, ಈಗ ಪಿಎಚ್.ಡಿ ಮಾಡುತ್ತಿದ್ದೇನೆ. ಆದರೆ ಒಂದು ಮಾತು ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. ಅಣ್ಣನ ಎರಡನೆಯ ಅವಕಾಶ, ಮೂರನೆಯ ಅವಕಾಶ ಎಂದು ನಾವು ಕರೆದದ್ದರಲ್ಲಿ ನನ್ನ ಮೊದಲನೆಯದೂ ಸೇರಿತ್ತು. ಅದನ್ನು ನನ್ನಿಂದ ಕಿತ್ತುಕೊಂಡರು ಎನ್ನಲಾರೆ. ಕೇಳಿದ್ದರೆ ನಾನೇ ಕೊಡುತ್ತಿದ್ದೆ. ಕೇಳಲಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ‘ನೈತಿಕ ಅದೃಷ್ಟ’ದ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಚಿತ್ರಕಾರ ಗೋಗ್ಯಾಂನ ಉದಾಹರಣೆ ಬರುತ್ತದೆ. ಹೆಂಡತಿ ಮಕ್ಕಳನ್ನು ಬಿಟ್ಟು ಚಿತ್ರ ಬರೆಯಲು ಟಹೀಟಿ ದ್ವೀಪಕ್ಕೆ ಹೋದವನು ಸರಿಯೋ ತಪ್ಪೋ? ಹೊರಡುವ ದಿನ ಅದನ್ನು ಹೇಳಲಾಗದು ಎನ್ನುತ್ತಾನೆ ವಿಲಿಯಮ್ಸ್. ಅವನಿಗೇನಾದರೂ ಸಮರ್ಥನೆ ಇದ್ದರೆ ಅದು ಅವನು ದೊಡ್ಡ ಕಲಾವಿದನಾದ ಮೇಲೆ, ಆ ಗೆಲುವಿನಿಂದಲೇ ಬರಬೇಕು. ನಮ್ಮ ಊರಿನಲ್ಲಿ ವಿಲಿಯಮ್ಸ್‌ನನ್ನು ಯಾರೂ ಓದಿಲ್ಲ, ಆದರೆ ಎಲ್ಲರೂ ಅವನ ಹಾಗೆಯೇ ಮಾತಾಡುತ್ತಾರೆ. ಎರಡನೇ ಸಲಕ್ಕೆ ಸೀಟು ಬಂದರೆ ‘ಛಲ ಅಂದ್ರ ಇದು’. ಬರದಿದ್ದರೆ ‘ಮೊದಲ ಬುದ್ಧಿ ಬ್ಯಾಡಾಗಿತ್ತನು?’ ಮಾಡಿದ ನಿರ್ಧಾರ ಒಂದೇ, ಫಲಿತಾಂಶ ಬಂದ ಮೇಲೆ ಅದರ ಹೆಸರು ಬದಲಾಗುತ್ತದೆ.

ಅಣ್ಣನಿಗೆ ಸೀಟು ಬಂದಿದ್ದರೆ ನಾನು ಇಂಡಿಯಲ್ಲಿ ಉಳಿದದ್ದು ತ್ಯಾಗವಾಗುತ್ತಿತ್ತು, ಬರಲಿಲ್ಲವಾದ್ದರಿಂದ ಅದು ನಷ್ಟವಾಯಿತು. ಬಹಳ ದಿನ ನಾನೂ ಹೀಗೆಯೇ ನಂಬಿದ್ದೆ. ಈಗ ವಿಲಿಯಮ್ಸ್ ಒಂದು ಮಾತನ್ನು ಕಡಿಮೆ ತೂಗಿದ ಅನ್ನಿಸುತ್ತದೆ. ಗೋಗ್ಯಾಂ ಗೆದ್ದನೋ ಸೋತನೋ ಎನ್ನುವುದಕ್ಕೂ ಮೊದಲು, ಹೊರಡುವ ಮುನ್ನ ಅವನು ಮನೆಯವರ ಎದುರು ಕೂತು ಕೇಳಿದನೋ ಇಲ್ಲವೋ ಎಂಬ ಪ್ರಶ್ನೆಯಿದೆ. ಅದಕ್ಕೆ ಉತ್ತರ ಹೊರಡುವ ದಿನವೇ ಸಿಗುತ್ತದೆ.

ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದು ನಮಗೆಲ್ಲ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಾದ ಅಕ್ಕಿಯನ್ನು ಮರಳಿ ಅಲ್ಲಿಯೇ ಚೆಲ್ಲಿ ಬರಲು ಕಳಿಸಿದಳು. ಇದನ್ನು ದುರಾಸೆಯ ವಿರುದ್ಧದ ಕಥೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ನನಗೆ ಈಗ ಇನ್ನೊಂದು ಕಾಣುತ್ತದೆ. ಮನೆಗೆ ಬಂದದ್ದರಲ್ಲಿ ನಮ್ಮ ಪಾಲೆಷ್ಟು, ಬೇರೆಯವರದೆಷ್ಟು ಎಂದು ಅಳೆದು ನೋಡುವ ಒಬ್ಬರು ಮನೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಅಪ್ಪ ಒಳ್ಳೆಯವನು, ಅವ್ವ ಒಳ್ಳೆಯವಳು. ಅಳೆದು ನೋಡುವವರು ಯಾರೂ ಇರಲಿಲ್ಲ.

ಆ ದೀಪಾವಳಿಯಲ್ಲಿ ಅಂಗಡಿ ಮುಚ್ಚಿ ಬಂದ ಅಣ್ಣನಿಗೆ ಈ ಮಾತು ಮೊದಲ ಸಲ ಹೇಳಿದೆ. ಹನ್ನೆರಡು ವರ್ಷ ಇಟ್ಟುಕೊಂಡಿದ್ದ ಮಾತು. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗರ ಯಾರ್ ಕೇಳಿದ್ರವಾ? ಮೂರನೇ ಸಲ ನಾ ಒಲ್ಲೆ ಅನ್ನಾಂವ ಇದ್ದೆ. ಅಪ್ಪ ಫೀ ಕಟ್ಟಿ ಬಂದಿದ್ದ,’ ಎಂದ.

ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಅವನು ಪಡೆದವನು, ನಾನು ಕೊಟ್ಟವಳು. ಅವನ ಆ ವರ್ಷವನ್ನೂ ಕೇಳದೆಯೇ ತೆಗೆದುಕೊಂಡಿದ್ದರು ಎಂದು ಆಗ ತಿಳಿಯಿತು.

ಆದರೆ ತಂಗಿಗೆ ಏನು ಹೇಳಲಿ? ‘ಬಿಡು, ಬೇರೆ ಓದು’ ಎನ್ನುವುದು ನನಗೆ ಸುಲಭವಿತ್ತು, ಮನೆಗೆ ಅದನ್ನು ಕೇಳುವುದು ಇನ್ನೂ ಸುಲಭವಿತ್ತು. ಹೆಣ್ಣುಮಗಳಿಗೆ ಎರಡನೆಯ ಅವಕಾಶ ಕೊಡುವುದು ನಮ್ಮ ಬಳಗದಲ್ಲಿ ಅವಳಿಂದಲೇ ಶುರು. ಅತ್ತ ವರ ನೋಡುವ ಮಾತು ಆಗಲೇ ಒಂದೆರಡು ಸಲ ಬಂದು ಹೋಗಿತ್ತು. ಎಲ್ಲರ ಪಾಲಿನ ಬಗ್ಗೆ ನಾನು ಎತ್ತುವ ಪ್ರಶ್ನೆ ಕಡೆಗೆ ಅವಳೊಬ್ಬಳನ್ನು ಹಿಂದಕ್ಕೆ ಎಳೆಯುವ ಹಗ್ಗವಾಗಬಹುದು. ಗಂಡುಮಕ್ಕಳು ಮೂರು ಸಲ ಬರೆದಾಗ ಕೇಳದ ಪ್ರಶ್ನೆಯನ್ನು ಹುಡುಗಿಯ ಎರಡನೇ ಸಲಕ್ಕೆ ಕೇಳುವುದು ಯಾವ ನ್ಯಾಯ? ಎರಡು ರಾತ್ರಿ ಯೋಚಿಸಿದೆ. ಪ್ರಶ್ನೆಯನ್ನು ಬಿಡಬಾರದು, ಆದರೆ ಅವಳೊಬ್ಬಳಿಗೇ ಕೇಳಬಾರದು ಎಂಬಲ್ಲಿಗೆ ಬಂದು ನಿಂತೆ.

ಸೀಟು ಹಂಚಿಕೆಯಾದ ಮೇಲೆ ಪ್ರಾಧಿಕಾರ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆ ಇಡುತ್ತದೆ. ಒಂದು, ಇದು ಒಪ್ಪಿಗೆ, ಸೇರುತ್ತೇನೆ. ಎರಡು, ಇದಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬಂದರೆ ನೋಡುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ಇದೂ ಬೇಡ, ಮುಂದಿನದೂ ಬೇಡ. ಮನೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಕೇಳುವುದಿಲ್ಲ. ನಾಲ್ಕನೆಯದನ್ನು ಆರಿಸುವ ಹಕ್ಕು ಮಗುವಿಗೆ ಇದೆ ಎಂದು ಎಷ್ಟೋ ತಂದೆತಾಯಿಗೆ ಹೊಳೆಯುವುದೇ ಇಲ್ಲ.

ಪಾಡ್ಯದ ಸಂಜೆ ನೋಟ್‌ಬುಕ್ ಹಿಡಿದು ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಕಾಕಾ, ಕಾಕು, ತಂಗಿ, ಒಂಬತ್ತನೇ ತರಗತಿಯಲ್ಲಿರುವ ಅವಳ ತಮ್ಮ, ಅಣ್ಣ, ನಾನು. ಒಂದೊಂದು ಹೆಸರಿನ ಎದುರೂ ಅದು ಬಂದರೆ ಏನು ಹೋಗುತ್ತದೆ ಎಂದು ಬರೆದೆವು. ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಲಕ್ಷದೊಳಗೆ. ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷಕ್ಕೂ ಮೇಲೆ, ಅಂದರೆ ಎರಡು ಎಕರೆ ಮಾರಿದರೂ ಅದು ಮೊದಲ ಕಂತು ಅಷ್ಟೇ. ಗ್ರಾಮೀಣ ಅಭ್ಯರ್ಥಿಗಳ ನೂರಕ್ಕೆ 15, ಕನ್ನಡ ಮಾಧ್ಯಮದ ನೂರಕ್ಕೆ 5, ಎರಡೂ ಅವಳಿಗೆ ಅನ್ವಯವಾಗುತ್ತವೆ. ಆ ಲೆಕ್ಕ ಹಾಕಿದಾಗ ‘ಕಷ್ಟ’ ಎಂದಿದ್ದ ಒಂದೆರಡು ಹೆಸರು ‘ಸಿಗಬಹುದು’ ಆದವು.

ಆಮೇಲೆ ಅಣ್ಣ ಕೇಳಿದ: ‘ನಿನಗ ಬರೀಬೇಕಂತ ಐತೇನು? ಒಲ್ಲೆ ಅಂದ್ರೂ ನಡೀತದ.’ ತಂಗಿ ತಕ್ಷಣ ಉತ್ತರಿಸಲಿಲ್ಲ. ‘ಒಂದ್ ಸಲ ಬರೀತೀನಿ. ಬರದಿದ್ರ ಆಯುರ್ವೇದಕ್ಕ ಹೋಗ್ತೀನಿ. ಆವಾಗ ಯಾರೂ ಬಿಡಸಬ್ಯಾಡ್ರಿ,’ ಎಂದಳು. ತಮ್ಮನನ್ನು ಕೇಳಿದೆವು. ಅವನಿಗೆ ಅಚ್ಚರಿ, ಇಂಥ ಮಾತಿಗೆ ಅವನನ್ನು ಯಾರೂ ಕರೆದದ್ದಿಲ್ಲ. ‘ಅಕ್ಕ ಬರೀಲಿ. ಆದ್ರ ಹೊಲಾ ಮಾರಬ್ಯಾಡ್ರಿ. ನನ್ನ ಹತ್ತನೇತ್ತೆ ಆದಮ್ಯಾಗ ನನ್ನೂ ವಿಜಾಪುರಕ್ಕ ಕಳಸ್ರಿ,’ ಎಂದ. ಕಾಕಾ ಏನೂ ಹೇಳಲಿಲ್ಲ. ಎದ್ದು ಹೋಗಿ ಎಮ್ಮೆಗೆ ನೀರಿಟ್ಟು ಬಂದು ಮತ್ತೆ ಕೂತ.

ಹಾಗೆ ಪಟ್ಟಿ ಸಿದ್ಧವಾಯಿತು. ಮೊದಲು ಅವಳ ಇಷ್ಟದ ಕ್ರಮದಲ್ಲಿ ಸರ್ಕಾರಿ ಕಾಲೇಜುಗಳು, ಆಮೇಲೆ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ, ಕೆಳಗೆ ಎರಡು ಆಯುರ್ವೇದ ಕಾಲೇಜುಗಳು. ಖಾಸಗಿ ಸೀಟುಗಳನ್ನು ತಂಗಿಯೇ ಹೊಡೆದುಹಾಕಿದಳು. ಕೋಚಿಂಗಿಗೆ ಊರು ಬಿಡುವುದಿಲ್ಲ, ಮನೆಯಲ್ಲೇ ಕೂತು ಓದುತ್ತಾಳೆ. ಇದರಿಂದ ಅವಳ ಅಂಕ ಕಡಿಮೆಯಾಗಬಹುದು, ಅದೂ ಗೊತ್ತಿದ್ದೇ ಒಪ್ಪಿದ್ದು.

ಮೇ ತಿಂಗಳಲ್ಲಿ ಪರೀಕ್ಷೆ, ಜೂನಿನಲ್ಲಿ ಫಲಿತಾಂಶ. ಸೀಟು ಬಂದರೆ ಊರಿನವರು ಇದನ್ನು ಛಲ ಎನ್ನುತ್ತಾರೆ, ಬರದಿದ್ದರೆ ಮತ್ತೇನೋ ಎನ್ನುತ್ತಾರೆ. ಈ ವರ್ಷ ಅವಳದು ಎಂದು ಪಡಸಾಲೆಯಲ್ಲಿ ಕೂತಿದ್ದ ನಾವು ಆರು ಜನ ಒಪ್ಪಿದ್ದು ಮಾತ್ರ ಆಗಲೂ ಬದಲಾಗುವುದಿಲ್ಲ. ಮರುದಿನ ನಾನು ಬಸ್ಸು ಹತ್ತುವ ಮೊದಲು ಅವಳು ನೋಟ್‌ಬುಕ್ಕನ್ನು ತಮ್ಮನ ಕೈಯಲ್ಲಿ ಕೊಟ್ಟು, ‘ಇದನ್ನ ನೀನ ಇಟ್ಕೋ, ಜೂನ್ ತನಕ ನಾ ನೋಡೂದಿಲ್ಲ,’ ಎನ್ನುತ್ತಿದ್ದಳು.