ಹಿಂಡಿಗೆ ಒಡೆಯ ಬೇರೆ ಇದ್ದಾನೆ

ಪೇತ್ರನ ಮೊದಲನೆಯ ಪತ್ರಿಕೆ, ಐದನೆಯ ಅಧ್ಯಾಯ, ಮೊದಲ ನಾಲ್ಕು ವಚನ. ಸಭಾಪಾಲಕರ ದೀಕ್ಷೆಯ ದಿನ ಇವನ್ನು ಓದುವ ರೂಢಿ ನಮ್ಮ ಹಲವು ಸಭೆಗಳಲ್ಲಿದೆ. ಹೊಸ ಬಿಳಿ ನಿಲುವಂಗಿ, ಊರಿನಿಂದ ಬಂದ ನೆಂಟರಿಷ್ಟರು, ಹಾರ, ಫೋಟೋ, ಆಮೇಲೆ ಬಿರಿಯಾನಿ ಊಟ. ಆ ಸಡಗರದಲ್ಲಿ ಕೇಳಿದಾಗ ಮಾತುಗಳು ಬಹಳ ಹಿತವಾಗಿರುತ್ತವೆ. ಪೇತ್ರನು ಅವನ್ನು ಸಡಗರಕ್ಕೆಂದು ಬರೆಯಲಿಲ್ಲ. ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ, ಅಂದರೆ ಇಂದಿನ ಟರ್ಕಿಯ ಉದ್ದಗಲಕ್ಕೂ ಚದರಿಹೋಗಿ, ನೆರೆಹೊರೆಯವರ ಬೈಗುಳ ತಿನ್ನುತ್ತ, ನಾಳೆ ಏನಾಗುವುದೋ ಎಂದು ಹೆದರಿದ್ದ ಸಣ್ಣ ಸಣ್ಣ ಗುಂಪುಗಳಿಗೆ ಸಿಲ್ವಾನನ ಸಹಾಯದಿಂದ ಬರೆದ ಪತ್ರ ಅದು.

ನಾಲ್ಕು ವಚನಗಳ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ನಾನೂ ನಿಮ್ಮಂಥ ಒಬ್ಬ ಹಿರಿಯ. ನಿಮ್ಮ ವಶದಲ್ಲಿರುವ ದೇವರ ಹಿಂಡನ್ನು ಮೇಯಿಸಿ. ವಿಧಿಯಿಲ್ಲದೆ ಮಾಡಬೇಡಿ, ದುಡ್ಡಿನಾಸೆಗೆ ಮಾಡಬೇಡಿ, ದೊರೆಗಳ ಹಾಗೆ ಮಾಡಬೇಡಿ. ಪ್ರಧಾನ ಕುರುಬನು ಬಂದ ದಿನ ನಿಮ್ಮ ಕಿರೀಟ ಸಿಕ್ಕುತ್ತದೆ.

ಇದಕ್ಕೆ ಸ್ವಲ್ಪ ಮುಂಚೆ, ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ, ಅವನು ನಡುಕ ಹುಟ್ಟಿಸುವ ಒಂದು ಮಾತು ಆಡಿರುತ್ತಾನೆ: ನ್ಯಾಯವಿಚಾರಣೆ ಶುರುವಾಗುವುದು ದೇವರ ಮನೆಯಿಂದಲೇ. ಅದರ ಬೆನ್ನಿಗೇ ಹಿರಿಯರ ಕಡೆ ತಿರುಗುತ್ತಾನೆ. ಯೆಹೆಜ್ಕೇಲನ ಒಂಬತ್ತನೆಯ ಅಧ್ಯಾಯ ಓದಿದವರಿಗೆ ಈ ತಿರುವು ಆಕಸ್ಮಿಕವಾಗಿ ಕಾಣುವುದಿಲ್ಲ. ಅಲ್ಲಿ ಯೆರೂಸಲೇಮಿಗೆ ದಂಡನೆ ಬಂದಾಗ, ಆಲಯದಿಂದಲೇ ಆರಂಭವಾಗಲಿ ಎಂಬ ಅಪ್ಪಣೆಯಾಗುತ್ತದೆ. ದಂಡಿಸಲು ಬಂದವರು ಮೊದಲು ಕೈಯಿಡುವುದು ಆಲಯದ ಮುಂದೆ ನಿಂತಿದ್ದ ಹಿರಿಯರ ಮೇಲೆ. ಮುಂದಿನ ಸಾಲಿನ ಕುರ್ಚಿಗೆ ಆಸೆಪಡುವವರು ಈ ಎರಡು ಭಾಗಗಳನ್ನು ಒಟ್ಟಿಗೆ ಓದುವುದು ಒಳ್ಳೆಯದು.

ಪೇತ್ರನು ತನ್ನನ್ನು ಕರೆದುಕೊಳ್ಳುವ ರೀತಿ ನೋಡಿ. ಪತ್ರದ ಮೊದಲ ಸಾಲಿನಲ್ಲಿ ಅಪೊಸ್ತಲನೆಂದು ಹೇಳಿಕೊಂಡವನೇ, ಹಿರಿಯರಿಗೆ ಬುದ್ಧಿ ಹೇಳುವ ಹೊತ್ತಿಗೆ ಆ ಬಿರುದನ್ನು ಪಕ್ಕಕ್ಕಿಟ್ಟು ಅವರ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಅಧಿಕಾರ ತೋರಿಸಬೇಕಾದ ಜಾಗದಲ್ಲಿ ಅದನ್ನು ಇಳಿಸುತ್ತಾನೆ. ನಮ್ಮಲ್ಲಿ ನಡೆಯುವುದು ಬಹುಪಾಲು ಇದರ ತಿರುಗುಮುರುಗು.

ಅವನು ಹೀಗೆ ಬರೆಯಲು ಕಾರಣ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯ ಪಕ್ಕದಲ್ಲಿ ಯೇಸು ಅವನನ್ನು ಮೂರು ಸಲ ಕೇಳಿದ್ದು ಪ್ರೀತಿಯ ವಿಷಯ, ಮೂರು ಸಲ ಒಪ್ಪಿಸಿದ್ದು ಕುರಿಗಳನ್ನು. ಒಪ್ಪಿಸುವಾಗ ಮೂರು ಸಲವೂ ಅವು ತನ್ನವು ಎಂದೇ ಹೇಳಿದನು. ಇನ್ನು ಮೇಲೆ ಇವು ನಿನ್ನವು ಎಂದು ಒಮ್ಮೆಯೂ ಹೇಳಲಿಲ್ಲ. ಪತ್ರದಲ್ಲಿಯೂ ಅದೇ: ಹಿಂಡು ದೇವರದು, ಅದು ಇರುವುದು ನಿಮ್ಮ ನಡುವೆ, ಅಷ್ಟೆ. ಇಡೀ ಉಪದೇಶಕ್ಕೆ ಇದೇ ಬೇರು ಎಂದು ನನ್ನ ಎಣಿಕೆ. ಮುಂದೆ ಬರುವ ಮೂರು ಬೇಡಗಳೂ ಈ ಒಂದನ್ನು ಮರೆತಾಗ ಹುಟ್ಟುವ ರೋಗಗಳು.

ಬಯಲುಸೀಮೆಯ ಕುರಿಗಾಹಿ ತನ್ನ ಹತ್ತಾರು ಕುರಿಗಳ ಜೊತೆ ಬೇರೆಯವರ ಕುರಿಗಳನ್ನೂ ಕಾಯುವುದುಂಟು. ಹುಟ್ಟಿದ ಮರಿಗೂ ಸತ್ತ ಕುರಿಗೂ ಅವುಗಳ ಒಡೆಯನಿಗೆ ಲೆಕ್ಕ ಒಪ್ಪಿಸಬೇಕು. ಸಭಾಪಾಲಕನಿಗೆ ತನ್ನದೆನ್ನುವ ಹತ್ತು ಕುರಿಗಳೂ ಇಲ್ಲ. ಇಸ್ರಾಯೇಲಿನ ಕಾನೂನೂ ಈ ವಿಷಯದಲ್ಲಿ ಖಡಾಖಂಡಿತ. ಕಾಯಲು ಕೊಟ್ಟ ಪ್ರಾಣಿಯನ್ನು ಕಾಡುಮೃಗ ಸೀಳಿದರೆ ಉಳಿದ ತುಂಡನ್ನು ತಂದು ಸಾಕ್ಷಿಯಾಗಿ ತೋರಿಸಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯ ಹೇಳುತ್ತದೆ. ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ಚೂರನ್ನೋ ಎಳೆದು ತರುವ ಕುರುಬನ ಚಿತ್ರ ಆಮೋಸನಲ್ಲಿದೆ. ಆಮೋಸನು ತಾನೇ ತೆಕೋವದ ಕುರಿಗಾಹಿಯಾಗಿದ್ದವನು. ಸಭೆ ಬಿಟ್ಟುಹೋದ ಕುಟುಂಬದ ವಿಷಯ ಬಂದಾಗ, ಹೋಗಲಿ ಬಿಡಿ, ಅವರು ಮೊದಲಿಂದಲೂ ಹಾಗೇ, ಎಂದು ಕಮಿಟಿಯಲ್ಲಿ ಒಂದೇ ಉಸಿರಿಗೆ ಮುಗಿಸುವವರು ಯಾವ ಕಿವಿಯ ಚೂರನ್ನು ಹಿಡಿದು ಒಡೆಯನ ಮುಂದೆ ನಿಲ್ಲುತ್ತಾರೋ!

ಮೊದಲನೆಯ ಬೇಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇರೆ ದಾರಿಯಿಲ್ಲವೆಂದು ಸೇವೆ ಮಾಡುವವನನ್ನು ಜನ ಒಂದೇ ಭಾನುವಾರದಲ್ಲಿ ಗುರುತಿಸುತ್ತಾರೆ. ಇಂಗ್ಲೆಂಡಿನ ಕಿಡ್ಡರ್‌ಮಿನ್‌ಸ್ಟರ್ ಎಂಬ ನೇಕಾರರ ಊರಿನಲ್ಲಿ ರಿಚರ್ಡ್ ಬ್ಯಾಕ್ಸ್‌ಟರ್ ಎಂಬ ಬೋಧಕರಿದ್ದರು. ಸದಾ ಕಾಯಿಲೆಯ ಮೈ. ಆದರೂ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಮಂಗಳವಾರ, ತಮ್ಮ ಸಹಾಯಕರ ಜೊತೆ ಸೇರಿ ಸಭೆಯ ಕುಟುಂಬಗಳನ್ನು ಒಂದೊಂದಾಗಿ ಕಂಡು ಕೂತು ಮಾತಾಡುತ್ತಿದ್ದರು. ಎಂಟುನೂರಕ್ಕೂ ಹೆಚ್ಚು ಕುಟುಂಬಗಳ ಸುತ್ತು ಒಂದು ವರ್ಷದಲ್ಲಿ ಮುಗಿಯಬೇಕೆಂಬುದು ಅವರ ಗುರಿ. ಪಾಲಕರ ಕರ್ತವ್ಯದ ಬಗ್ಗೆ ಅವರು 1656ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಥಿಯಾಲಜಿ ಕಾಲೇಜುಗಳಲ್ಲಿ ಓದಿಸಲ್ಪಡುತ್ತದೆ. ಓದಿದವರ ಪೈಕಿ ಎಷ್ಟು ಜನ ಮನೆಮನೆಗೆ ಹೋಗುತ್ತಾರೆ ಎಂಬುದು ಬೇರೆ ಪ್ರಶ್ನೆ.

ದುಡ್ಡಿನ ಮಾತಿಗೆ ಬರೋಣ. ಇಲ್ಲಿ ನಿಧಾನವಾಗಿ ನಡೆಯಬೇಕು, ಏಕೆಂದರೆ ನಮ್ಮ ಪ್ರಸಂಗಗಳು ಇಲ್ಲಿಗೆ ಬಂದ ಕೂಡಲೇ ಓಡತೊಡಗುತ್ತವೆ. ಪಾಲಕನಿಗೆ ಸಂಬಳ ಬೇಡವೆಂದು ಸತ್ಯವೇದ ಹೇಳುವುದಿಲ್ಲ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬ ಧರ್ಮೋಪದೇಶಕಾಂಡದ ನಿಯಮವನ್ನು ಪೌಲನು ದುಡಿಯುವ ಹಿರಿಯರ ಪರವಾಗಿಯೇ ಬಳಸುತ್ತಾನೆ. ಪೇತ್ರನು ಬೇಡವೆನ್ನುವುದು ಹೊಲಸು ಲಾಭದ ಆಸೆಯನ್ನು. ಯೆಹೆಜ್ಕೇಲನು 34ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಕುರುಬರ ಮೇಲೆ ಹೊರಿಸುವ ದೋಷಾರೋಪದಲ್ಲಿ ಇದು ಬಿಡಿಬಿಡಿಯಾಗಿದೆ: ಕೊಬ್ಬು ತಿಂದರು, ಉಣ್ಣೆ ಹೊದ್ದರು, ಕೊಬ್ಬಿದ್ದನ್ನು ಕೊಯ್ದರು, ಬಡಕಲನ್ನು ಬಲಪಡಿಸಲಿಲ್ಲ, ಮುರಿದ ಕಾಲಿಗೆ ಕಟ್ಟು ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ. ಆ ಆರೋಪಪಟ್ಟಿಯಲ್ಲಿ ತಪ್ಪು ಬೋಧನೆಯ ಸುದ್ದಿಯೇ ಇಲ್ಲ. ಇರುವುದೆಲ್ಲ ಊಟ, ಬಟ್ಟೆ, ಚಿಕಿತ್ಸೆಯ ವಿಷಯ.

ಸಮುವೇಲನ ಬೀಳ್ಕೊಡುಗೆಯನ್ನು ನೆನೆಯಿರಿ. ಮುದುಕನಾಗಿ, ಅಧಿಕಾರವನ್ನು ಸೌಲನಿಗೆ ಬಿಟ್ಟುಕೊಡುವಾಗ ಜನರ ಮುಂದೆ ನಿಂತು ಸವಾಲು ಹಾಕುತ್ತಾನೆ: ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ಹೊಡೆದುಕೊಂಡೆ, ಯಾರ ಲಂಚಕ್ಕೆ ಕಣ್ಣು ಮುಚ್ಚಿದೆ, ಹೇಳಿ. ಜನ ಒಕ್ಕೊರಲಿನಿಂದ ಇಲ್ಲವೆನ್ನುತ್ತಾರೆ. ನಿವೃತ್ತಿಯ ಪ್ರಸಂಗಗಳಲ್ಲಿ ಈ ಭಾಗ ಬಹಳ ಓದಲ್ಪಡುತ್ತದೆ. ಓದುವವರು ಮೆಲ್ಲಗೆ ದಾಟಿಸುವ ಒಂದು ಸಣ್ಣ ಮಾತು ಅದೇ ಭಾಷಣದಲ್ಲಿದೆ: ತನ್ನ ಮಕ್ಕಳು ನಿಮ್ಮ ಜೊತೆಯಲ್ಲಿದ್ದಾರೆ ಎಂದಷ್ಟೇ ಹೇಳಿ ಅವನು ಮುಂದೆ ಹೋಗಿಬಿಡುತ್ತಾನೆ. ನಾಲ್ಕು ಅಧ್ಯಾಯ ಹಿಂದಕ್ಕೆ ಹೋದರೆ ಕಥೆ ತಿಳಿಯುತ್ತದೆ. ಬೇರ್ಷೆಬದಲ್ಲಿ ನ್ಯಾಯಾಧೀಶರಾಗಿದ್ದ ಯೋವೇಲ ಮತ್ತು ಅಬೀಯ ಲಂಚ ತಿನ್ನುತ್ತಿದ್ದರು. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವನು ಸಮುವೇಲನೇ. ಜನ ರಾಜನನ್ನು ಕೇಳಲು ಮುಂದಿಟ್ಟ ಕಾರಣಗಳಲ್ಲಿ ಅದೂ ಒಂದು. ಎತ್ತು ಕತ್ತೆಗಳ ವಿಷಯದಲ್ಲಿ ಕೈ ಶುದ್ಧವಾಗಿತ್ತು. ಮಗನ ನೇಮಕ, ಅಳಿಯನ ಗುತ್ತಿಗೆ, ಶಾಲೆಯ ಸೀಟು: ದುಡ್ಡಿನ ಆಸೆ ಇಂದು ಬರುವುದು ಹೆಚ್ಚಾಗಿ ಈ ಬಾಗಿಲಿನಿಂದ.

ಇದಕ್ಕೆ ಸತ್ಯವೇದ ಸೂಚಿಸುವ ಮದ್ದು ತೀರಾ ವ್ಯಾವಹಾರಿಕವಾದದ್ದು. ವಿಮೋಚನಕಾಂಡದ 38ನೆಯ ಅಧ್ಯಾಯದ ಕೊನೆಯ ಭಾಗವನ್ನು ಧ್ಯಾನಕ್ಕೆಂದು ಯಾರೂ ಆರಿಸಿಕೊಳ್ಳುವುದಿಲ್ಲ. ಅಲ್ಲಿರುವುದು ದೇವದರ್ಶನದ ಗುಡಾರಕ್ಕೆ ಜನ ಕೊಟ್ಟ ಕಾಣಿಕೆಯ ಲೆಕ್ಕ. ಬಂಗಾರ 29 ತಲಾಂತು, 730 ಶೆಕೆಲ್. ಬೆಳ್ಳಿ 100 ತಲಾಂತು, 1,775 ಶೆಕೆಲ್. ತಾಮ್ರ 70 ತಲಾಂತು, 2,400 ಶೆಕೆಲ್. ಬೆಳ್ಳಿಯ ನೂರು ತಲಾಂತು ನೂರು ಗದ್ದಿಗೇಕಲ್ಲುಗಳಿಗೆ ಹೋಯಿತು, ಮಿಕ್ಕ 1,775 ಶೆಕೆಲ್ ಕಂಬಗಳ ಕೊಂಡಿ ಮತ್ತು ಕಟ್ಟುಗಳಿಗೆ ಹೋಯಿತು ಎಂದು ಖರ್ಚನ್ನೂ ಬರೆದಿಟ್ಟಿದೆ. ಲೆಕ್ಕ ಮಾಡಿಸಿದ್ದು ಮೋಶೆಯ ಅಪ್ಪಣೆ, ನೋಡಿಕೊಂಡದ್ದು ಯಾಜಕ ಆರೋನನ ಮಗ ಈತಾಮಾರ. ದೇವರೊಡನೆ ಮುಖಾಮುಖಿ ಮಾತಾಡಿದ ಮೋಶೆಯನ್ನೇ ನಂಬದವರು ಯಾರಿದ್ದರು? ಆದರೂ ಲೆಕ್ಕ ಬರೆಸಿದ. ಪೌಲನು ಕೂಡ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಒಂಟಿಯಾಗಿ ಮುಟ್ಟಲು ಹೋಗಲಿಲ್ಲ. ತೀತನ ಜೊತೆ ಸಭೆಗಳೇ ಆರಿಸಿದ ಒಬ್ಬನನ್ನೂ ಇನ್ನೊಬ್ಬ ಸಹೋದರನನ್ನೂ ಕಳುಹಿಸಿದ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂದು ಕಾರಣವನ್ನೂ ಕೊರಿಂಥದವರಿಗೆ ಬರೆದ. ನಾನು ದೇವರಿಗೆ ಮಾತ್ರ ಉತ್ತರ ಕೊಡುತ್ತೇನೆ ಎನ್ನುವ ಪಾಲಕನಿಗೆ ಈ ಇಬ್ಬರ ಬೆಂಬಲ ಸಿಗುವುದಿಲ್ಲ.

ಮೂರನೆಯದು ದೊರೆತನ. ನಾನು ದೊರೆ ಎಂದು ಯಾವ ಪಾಲಕನೂ ಬಾಯಿಬಿಟ್ಟು ಹೇಳುವುದಿಲ್ಲ. ಸೇವಕ ಎಂದೇ ಸಹಿ ಹಾಕುತ್ತಾನೆ. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ದಿಯೊತ್ರೇಫ ಎಂಬವನೊಬ್ಬ ಬರುತ್ತಾನೆ. ಅವನ ಮೇಲೂ ಸಿದ್ಧಾಂತದ ದೂರಿಲ್ಲ. ಎಲ್ಲದರಲ್ಲೂ ತಾನೇ ಮೊದಲಿರಬೇಕೆಂಬ ಚಪಲ, ಬಂದ ಸಹೋದರರನ್ನು ಸೇರಿಸಿಕೊಳ್ಳದ ಮೊಂಡುತನ, ಸೇರಿಸಿಕೊಂಡವರನ್ನು ಸಭೆಯಿಂದ ಹೊರಗೆ ಹಾಕುವ ಸೊಕ್ಕು. ಇಡೀ ಪತ್ರ ಒಂದು ಪುಟ ತುಂಬುವುದಿಲ್ಲ, ಅದರಲ್ಲಿಯೂ ಅವನಿಗೆ ಜಾಗ ಸಿಕ್ಕಿತು.

ದಕ್ಷಿಣ ಭಾರತದ ಸಭೆಗೆ ಈ ವಚನದ ಬಿಸಿ ಮುಟ್ಟಿದ್ದು ಬೇರೆ ರೀತಿಯಲ್ಲಿ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿ ಸಮ್ಮೇಳನ ನಡೆದಾಗ ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯ ಅವರು ಮಾತಾಡಿದರು. ಮಿಷನರಿಗಳ ತ್ಯಾಗವನ್ನು ಕೊಂಡಾಡಿ, ಅದರ ಜೊತೆಗೇ ನಮಗೆ ಸ್ನೇಹಿತರು ಬೇಕು ಎಂದು ಕೇಳಿದರು. ಒಂದೇ ಮೇಜಿನಲ್ಲಿ ಕೂತು ಉಣ್ಣದ, ದೇಶೀಯ ಕೆಲಸಗಾರರನ್ನು ಆಳುಗಳಂತೆ ಕಾಣುವ ಬಿಳಿಯ ಹಿರಿಯರಿಗೆ ಅದು ಚುರುಕು ಮುಟ್ಟಿಸಿತು. ಅಜರಯ್ಯನವರು 1912ರಲ್ಲಿ ದೋರ್ನಕಲ್ಲಿನ ಬಿಷಪರಾದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರು. 1945ರಲ್ಲಿ ತೀರಿಕೊಳ್ಳುವವರೆಗೆ ತೆಲುಗು ನಾಡಿನ ಹಳ್ಳಿಗಳ ದಲಿತ ಸಭೆಗಳ ನಡುವೆ ಎತ್ತಿನ ಗಾಡಿಯಲ್ಲಿ ತಿರುಗಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಬಿಷಪರ ಹುದ್ದೆ ಉಳಿಯಿತು; ಆದರೆ ಸಾಮಾನ್ಯ ಸಭಿಕರೂ ಕೂರುವ ಸಿನೊಡ್ ಮತ್ತು ಸಂವಿಧಾನದ ಚೌಕಟ್ಟಿನ ಒಳಗೆ ಉಳಿಯಿತು. ಪೇತ್ರನ ಮೂರನೆಯ ಬೇಡ ಅಲ್ಲಿ ಕಾನೂನಿನ ರೂಪ ಪಡೆಯಿತು ಎನ್ನಬಹುದು. ಬಿಳಿಯರ ದೊರೆತನ ಹೋದ ಮೇಲೆ ನಮ್ಮವರ ದೊರೆತನ ಬರಲಿಲ್ಲವೇ ಎಂದು ಕೇಳುವವರಿಗೆ, ಸಭೆಯ ಆಸ್ತಿಗಳ ಬಗ್ಗೆ ಕೋರ್ಟಿನಲ್ಲಿರುವ ಮೊಕದ್ದಮೆಗಳೇ ಉತ್ತರ.

ಬಾಡದ ಕಿರೀಟದ ವಿಷಯ ಕೊನೆಗೆ ಬರುತ್ತದೆ. ಗ್ರೀಕರ ಆಟಗಳಲ್ಲಿ ಗೆದ್ದವನ ತಲೆಗೆ ಕಟ್ಟುತ್ತಿದ್ದ ಎಲೆಯ ಕಿರೀಟ ಕೆಲವೇ ದಿನಗಳಲ್ಲಿ ಒಣಗುತ್ತಿತ್ತು. ನಮ್ಮಲ್ಲಿ ಮೈಸೂರು ಪೇಟ, ಶಾಲು, ಗಂಧದ ಹಾರ. ಪಾಪ, ತಪ್ಪೇನಿಲ್ಲ, ಜನ ಪ್ರೀತಿಯಿಂದ ತೊಡಿಸುತ್ತಾರೆ. ಆದರೆ ಪ್ರಧಾನ ಕುರುಬನು ಕೊಡಬೇಕಾದದ್ದನ್ನು ವರ್ಷವರ್ಷವೂ ಕಮಿಟಿಯಿಂದ ವಸೂಲು ಮಾಡುವುದು ಸರಿಯಲ್ಲ.

ಹಿಂಡಿನವರಿಗೂ ಒಂದು ಮಾತು ಇದೆ. ಐದನೆಯ ವಚನದಲ್ಲಿ ಪೇತ್ರನು ಕಿರಿಯರಿಗೆ ಅಧೀನರಾಗಿರಿ ಎನ್ನುತ್ತಾನೆ, ನಿಜ. ಅದೇ ಉಸಿರಿನಲ್ಲಿ ದೀನತೆಯನ್ನು ನಡುಕಟ್ಟಿನಂತೆ ಕಟ್ಟಿಕೊಳ್ಳಬೇಕೆಂದು ಹೇಳುವುದು ಎಲ್ಲರಿಗೂ, ಹಿರಿಯರನ್ನೂ ಸೇರಿಸಿ. ಅಧೀನತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಯಾರಾದರೂ ಕಲಿಸಿದರೆ ಗಲಾತ್ಯದ ಎರಡನೆಯ ಅಧ್ಯಾಯ ತೋರಿಸಿ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುವುದನ್ನು ಬಿಟ್ಟು ಹಿಂದೆ ಸರಿದ ಹಿರಿಯನೊಬ್ಬನನ್ನು ಪೌಲನು ಎಲ್ಲರ ಎದುರಿಗೆ ತರಾಟೆಗೆ ತೆಗೆದುಕೊಂಡ. ಆ ಹಿರಿಯ ಪೇತ್ರನೇ. ಅವನ ಹೆಸರಿನ ಎರಡನೆಯ ಪತ್ರಿಕೆಯಲ್ಲಿ ಪೌಲನನ್ನು ಪ್ರಿಯ ಸಹೋದರ ಎಂದು ಕರೆದಿದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿ ಲೆಕ್ಕ ಓದಲು ನಿಂತಾಗ ಚಹಾಕ್ಕೆಂದು ಎದ್ದು ಹೋಗಬೇಡಿ. ಕೂತು ಪೂರ್ತಿ ಕೇಳಿ. ಅರ್ಥವಾಗದ ಬಾಬ್ತನ್ನು ಪಾಲಕನಿಗೂ ಹಿರಿಯರಿಗೂ ಮರ್ಯಾದೆಯಿಂದ, ಆದರೆ ಎಲ್ಲರಿಗೂ ಕೇಳುವ ಹಾಗೆ, ಕೇಳಿ.